ಸೀಮಾಳ ಕೈತುತ್ತು

ಸೀಮಾ ಚಪಾತಿ ಮುರಿದು ಮುರಿದು ಅಭಿನಂದನನ ಬಾಯಿಗೆ ಇಡುತ್ತಿದ್ದಳು. ಅವನು ಆರಾಮವಾಗಿ ಅಗಿಯುತ್ತಿದ್ದ. ಡಬ್ಬಿ ಹಿಡಿದು ಬಂದ ಕಾಜಲಳಿಗೆ ಮೈಯೆಲ್ಲ ಉರಿದುಹೋಯಿತು.

ಸೀಮಾ ಉಣಿಸುತ್ತಿದ್ದ ಕಾರಣ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅಥಣಿ ಹೊರಗಿನ ಒಣದ್ರಾಕ್ಷಿ ಶೆಡ್ಡಿನ ಅಂಗಳದಲ್ಲಿ ಇವತ್ತು ಮುಸ್ಸಂಜೆಗೆ ಅವರ ಗುಂಪಿನ ಮಾಡರ್ನ್ ಡ್ಯಾನ್ಸ್. ಅಭಿನಂದನನ ಮೊಣಕೈವರೆಗೂ ವೇಷದ ಹಸಿ ಬಿಳಿ ಬಣ್ಣ. ಹೊತ್ತು ಮುಳುಗಿದ ಮೇಲೆ ಜೈನರ ಮನೆಯ ಹುಡುಗ ಉಣ್ಣುವಂತಿಲ್ಲ. ಯಾರಾದರೂ ಉಣಿಸಲೇಬೇಕಿತ್ತು. ಆ ಯಾರೋ ಸೀಮಾಳೇ ಯಾಕಾಗಬೇಕು? ಅವನದೇ ಪದ್ಧತಿಯ ಮನೆಯವಳಾಗಿ, ಅವನಿಗೆಂದು ಹೋಳಿಗೆ ಮಾಡುತ್ತ ಕೂತು ತಡ ಮಾಡಿಕೊಂಡ ತನ್ನ ಮೇಲೂ ಕಾಜಲಳಿಗೆ ಸಿಟ್ಟು ಬಂತು.

ನಾಳೆ ಅವಳನ್ನು ನೋಡಲು ನಿಪ್ಪಾಣಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಗೆಳೆಯರಿಗೆಲ್ಲ ಗೊತ್ತಿದ್ದ ಸುದ್ದಿ. ಅಭಿನಂದನನೊಬ್ಬ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಅವನ ಮನಸ್ಸು ಇವತ್ತೇ ತಿಳಿಯಬೇಕಿತ್ತು.

ಡ್ಯಾನ್ಸ್ ಶುರುವಾಯಿತು. ಹಾಡು ಹಾಕುವ ಕೆಲಸ ಕಾಜಲಳದು. ಕಥೆ ಗ್ರೀಕರದು: ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರುವ ಆರ್ಫಿಯಸ್ ದಾರಿಯಲ್ಲಿ ತಿರುಗಿ ನೋಡಬಾರದು, ನೋಡಿದರೆ ಅವಳು ಮತ್ತೆ ಸಿಗುವುದಿಲ್ಲ. ಮುಂದೆ ಅಭಿನಂದನ, ಹಿಂದೆ ಸೀಮಾ. ತಡೆಯಲಾರದೆ ಅವನು ತಿರುಗುವ ಆ ನೋಟವನ್ನು ರಿಹರ್ಸಲ್‌ನಲ್ಲಿ ನೋಡಿ ನೋಡಿ ಕಾಜಲಳ ನಿದ್ದೆ ಹಾಳಾಗಿತ್ತು. ಅಷ್ಟು ಆಸೆಯಿಂದ ಯಾರಾದರೂ ಸುಮ್ಮಸುಮ್ಮನೆ ನೋಡುತ್ತಾರೆಯೇ?

ಅವನ ಭುಜ ತಿರುಗತೊಡಗಿತು. ಕಾಜಲಳ ಬೆರಳು ಅವಳ ಮಾತು ಕೇಳಲಿಲ್ಲ. ಹಾಡು ಗಪ್ಪನೆ ನಿಂತಿತು.

ಅರ್ಧ ತಿರುಗಿದ್ದ ಅಭಿನಂದನ ಸೀಮಾಳನ್ನು ಬಿಟ್ಟು ನೇರ ಕಾಜಲಳನ್ನೇ ನೋಡಿದ. ಇದೂ ಡ್ಯಾನ್ಸೇ ಇರಬೇಕೆಂದು ಜನ ಚಪ್ಪಾಳೆ ತಟ್ಟಿದರು.

ಎಲ್ಲ ಮುಗಿದ ಮೇಲೆ ಅವನು ಅವಳ ಬಳಿ ಬಂದ.

"ಬೇಕಂತನ ಬಂದ್ ಮಾಡಿದಿ, ಹೌದಿಲ್ಲೊ?"

"ಹೌದು. ಆಕಿ ಕೈತುತ್ತು ಭಾಳ ರುಚಿ ಇತ್ತೇನು?"

"ಹೊತ್ತು ಮುಳುಗಾಕತ್ತಿತ್ತು. ನೀ ಬಂದಿರಲಿಲ್ಲ." ಅವನು ತುಟಿಯಂಚಿನಲ್ಲಿ ನಕ್ಕ. "ಬಂದಿದ್ರೂ ಏನ್ ಮಾಡ್ತಿದ್ದಿ? ಅಲ್ಲಿ ನಿಮ್ಮ ಕಾಕು ಕುಂತಾರ. ಅವರ ಮುಂದ ಉಣಿಸ್ತಿದ್ದೇನು?"

"ಉಣಿಸ್ತಿದ್ದೆ!"

ಸಿಟ್ಟಿನಲ್ಲಿ ದನಿ ಏರಿಬಿಟ್ಟಿತ್ತು. ಮುಂದಿನ ಸಾಲಿನಲ್ಲಿದ್ದ ಅವಳ ಚಿಕ್ಕಮ್ಮ, ಕಾಕು ಕಮಲಾಬಾಯಿ ಕತ್ತು ಹೊರಳಿಸಿ ನೋಡಿದರು. ಕಾಜಲಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅಭಿನಂದನ ಈಗ ನಗುತ್ತಿರಲಿಲ್ಲ.

"ನಾಳೆ ನಿಪ್ಪಾಣಿಯವ್ರು ಎಷ್ಟಕ್ಕ ಬರ್ತಾರ?"

"ಹತ್ತಕ್ಕ. ಯಾಕ?"

"ನಾ ನಮ್ಮವ್ವನ್ನ ಕರ್ಕೊಂಡು ಎಂಟಕ್ಕ ಬರ್ತೀನಿ."

ಕಾಜಲಳ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅತ್ತ ಕಡೆಯಿಂದ ಸೀಮಾ ಅವನನ್ನು ಫೋಟೋಗೆ ಕರೆದಳು.

"ಎಂಟಕ್ಕ ಬಾ," ಎಂದಳು ಕಾಜಲ್, ಅವನ ತೋಳು ಗಟ್ಟಿಯಾಗಿ ಹಿಡಿದು. "ಆದ್ರ ಸೀಮಾನ್ನ ಕರ್ಕೊಂಡು ಬರಬ್ಯಾಡ."