ಟೇಪ್ ಸುತ್ತದ ಗಂಟು

"ಬಾಗಿಲು ತೆಗೀರಿ. ಇಲ್ಲಾಂದ್ರೆ ಆ ಡಬ್ಬಿಯನ್ನ ನಾನೇ ಒಡೆದು ಹಾಕ್ತೀನಿ."

ತಾರಸಿಯ ಒಂಟಿ ಕೋಣೆಯ ಬಾಗಿಲು ತೆರೆಯಿತು. ಒಳಗೆ ನಿಂತವನ ಕೈಯಲ್ಲೊಂದು ಸೋಪಿನ ಡಬ್ಬಿ. ಅದರೊಳಗೆ ಬ್ಯಾಟರಿ, ವೈರು, ನಾಲ್ಕಾರು ಬಿಡಿಭಾಗ. ಆ ಅಂಗೈಯಗಲದ ಡಬ್ಬಿ ಸೈರನ್ನಿನಂತೆ ಅರಚುತ್ತಿತ್ತು.

ಬಾಗಿಲು ಬಡಿದವಳು ಕೆಳಗಿನ ಮನೆಯ ನರ್ಸು. ರಾತ್ರಿಪಾಳಿ ಮುಗಿಸಿ ಬಂದು, ಬಿಳಿ ಕೋಟು ಒಗೆದು ತಾರಸಿಯಲ್ಲಿ ಹರವಿ, ಹಾಸಿಗೆಗೆ ಬೆನ್ನು ಕೊಟ್ಟರೆ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಈ ಕೂಗು.

"ಟ್ಯಾಂಕ್ ತುಂಬಿದ್ರೆ ಕೂಗೋ ಅಲಾರಾಂ, ಮೇಡಂ. ನಾನೇ ಮಾಡಿದ್ದು. ಹತ್ತಕ್ಕೆ ಮೋಟಾರ್ ಹಾಕಿದ ಕೂಡಲೇ ಆನ್ ಮಾಡ್ತೀನಿ," ಅಂದ, ಬಹುಮಾನ ಬಂದವನ ಹಾಗೆ.

"ಓನರ್ ಅಜ್ಜಿ ಮೋಟಾರ್ ಹಾಕಿ ಎರಡು ನಿಮಿಷ ಆಗಿಲ್ಲ. ಅಷ್ಟರಲ್ಲೇ ತುಂಬಿಬಿಡ್ತಾ?"

"ಅದೇ ನನಗೂ ಅರ್ಥ ಆಗ್ತಿಲ್ಲ..."

ಅವನಿಗೆ ಲೈಬ್ರರಿಯಲ್ಲಿ ಮಧ್ಯಾಹ್ನದ ಕೆಲಸ. ಅಲ್ಲಿ ಊರವರ ಬಾಯಿ ಮುಚ್ಚಿಸಿ ಬಂದು, ಇಲ್ಲಿ ಡಬ್ಬಿಗಳ ಬಾಯಿ ತೆರೆಸುತ್ತಾನಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

"ಸರಿ ಮಾಡ್ತೀನಿ," ಎಂದ. ಮರುದಿನ ಸೈರನ್ ಹೋಗಿ ಕಾಗೆ ಬಂತು. ಮುಂದಿನ ವಾರ ಗುಬ್ಬಿಯ ಚಿಲಿಪಿಲಿ. ಅದರ ಮುಂದಿನ ವಾರ ಜೋಗುಳದಂಥ ಒಂದು ರಾಗ.

ನಿದ್ದೆಗೆಟ್ಟವಳಿಗೆ ಜೋಗುಳ ಬೇರೆ... ಬೇಕಂತಲೇ ಅಣಕಿಸ್ತಿದ್ದಾನೆ!

ದಿನವೂ ಮೆಟ್ಟಿಲು ಹತ್ತಿ ಬೈದಳು. ಅವನು ತಲೆ ಕೆರೆದುಕೊಂಡು ನಿಂತು ಕೇಳಿಸಿಕೊಂಡ. ಒಂದು ದಿನ, ಬೈಯಲು ಹೊರಡುವ ಮುನ್ನ ತಾನು ತಲೆ ಬಾಚಿಕೊಳ್ಳುತ್ತಿದ್ದೇನೆ ಎಂಬುದು ಕನ್ನಡಿಯ ಮುಂದೆ ಅವಳಿಗೆ ಗೊತ್ತಾಯಿತು. ತನ್ನ ಮೇಲೇ ರೇಗಿಹೋಯಿತು. ಆ ರೇಗಿನಲ್ಲೇ ಹೋಗಿ ಓನರ್ ಅಜ್ಜಿಗೆ ದೂರು ಕೊಟ್ಟಳು.

ಅಜ್ಜಿ ಅವನಿಗೆ ಹೇಳಿದ್ದು ಒಂದೇ ಮಾತು. "ಇನ್ನೊಂದು ಸಲ ಅದು ಕೂಗಿದ್ರೆ ಗಂಟುಮೂಟೆ ಕಟ್ಟಪ್ಪ."

ಮರುದಿನ ಅದು ಕೂಗಿತು. ಅವನು ವಾದಿಸಲಿಲ್ಲ. "ಭಾನುವಾರ ಖಾಲಿ ಮಾಡ್ತೀನಿ ಅಜ್ಜಿ," ಎಂದ.

ಗೆದ್ದವಳು ಅವಳೇ. ಆದರೂ ಆ ದಿನ ಬಡಿಸಿಕೊಂಡ ಅನ್ನವನ್ನು ಹಾಗೆಯೇ ಮುಚ್ಚಿಟ್ಟಳು.

ಶನಿವಾರ ಆಸ್ಪತ್ರೆಯಿಂದ ಬರುವಾಗ ತಡವಾಗಿ ಬೆಳಿಗ್ಗೆ ಹನ್ನೊಂದಾಗಿತ್ತು. ಮೋಟಾರ್ ಓಡುತ್ತಿತ್ತು, ಡಬ್ಬಿ ಮಾತ್ರ ತೆಪ್ಪಗಿತ್ತು. ಕೋಟು ಒಗೆದು, ತಾರಸಿಯ ಹಿಂಗೋಡೆಯ ಉದ್ದಕ್ಕೂ ಜೋಡಿಯಾಗಿ ಎಳೆದಿದ್ದ ಎರಡು ತಂತಿಗಳ ಮೇಲೆ ಎಂದಿನಂತೆ ಹರವಿದಳು.

ಜೋಗುಳ ಶುರುವಾಯಿತು.

ಕೋಟು ತೆಗೆದಳು. ನಿಂತಿತು. ಮತ್ತೆ ಹಾಕಿದಳು. ಮತ್ತೆ ಹಾಡಿತು.

ಅವನು ಓಡಿ ಬಂದ. ಕೋಟು ಕಂಡವನೇ ತಟ್ಟನೆ ಬೆನ್ನು ತಿರುಗಿಸಿದ.

"ಈ ತಂತಿ ಯಾರದು?" ಅವಳ ದನಿ ಸಣ್ಣದಾಗಿತ್ತು.

"ಟ್ಯಾಂಕಿಂದ ನನ್ನ ಡಬ್ಬಿಗೆ ಬರೋದು..."

"ಅಜ್ಜಿ ಬಟ್ಟೆಗೆ ಕಟ್ಟಿಸಿದ್ದು ಅಂದ್ಕೊಂಡಿದ್ದೆ."

ಅವನು ಹಣೆ ಚಚ್ಚಿಕೊಂಡ. "ತುಂಡು ವೈರು ಜೋಡಿಸಿ ಎಳೆದಿದ್ದೆ. ಗಂಟುಗಳ ಮೇಲೆ ಪ್ಲಾಸ್ಟಿಕ್ ಇಲ್ಲ, ಬರೀ ತಂತಿ. ಎರಡು ತಂತಿಗೂ ನೀರು ತಾಗಿದ್ರೆ ಕೂಗೋ ಡಬ್ಬಿ; ಒದ್ದೆ ಬಟ್ಟೆ ತಾಗಿದ್ರೂ ಟ್ಯಾಂಕ್ ತುಂಬ್ತು ಅಂತಲೇ ಅದರ ಲೆಕ್ಕ."

"ತಿಂಗಳಿಂದ ಒಂದು ಸಲವೂ ಈ ಕಡೆ ಬಂದು ನೋಡಲಿಲ್ವಾ?"

"ನಿಮ್ಮ ಬಟ್ಟೆ ಒಣಗೋ ಜಾಗಕ್ಕೆ ನಾನು ಹೇಗೆ ಬರಲಿ, ಮೇಡಂ?"

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಕಿತ್ತು ಬಿಸಾಕಬಹುದಿತ್ತಲ್ಲ, ಪುಣ್ಯಾತ್ಮ?"

"ಟ್ಯಾಂಕ್ ಉಕ್ಕಿದ್ರೆ ಸೋರೋದು ನಿಮ್ಮ ಮಂಚದ ಮೇಲೆ. ಒಂದು ದಿನ ನೀವು ಒದ್ದೆ ಹಾಸಿಗೆ ಹೊತ್ತು ತಂದು ಇಲ್ಲೇ ಬಿಸಿಲಿಗೆ ಹಾಕಿದ್ರಿ, ಕಣ್ಣಲ್ಲಿ ನಿದ್ದೆ ತುಂಬ್ಕೊಂಡು. ಅವತ್ತು ಸಂಜೆಯೇ ಮಾಡೋಕೆ ಕೂತೆ. ಸದ್ದು ನಿಲ್ಲಿಸೋಕೆ ಆಗಲಿಲ್ಲ. ಅದಕ್ಕೇ ಮೆತ್ತಗೆ ಮಾಡ್ತಾ ಬಂದೆ."

ಕಾಗೆ, ಗುಬ್ಬಿ, ಜೋಗುಳ... ಇಷ್ಟು ದಿನ ಬೈದದ್ದೆಲ್ಲ ಅವಳಿಗೇ ತಿರುಗಿ ಬಂದು ಬಡಿಯಿತು.

"ಮತ್ತೆ ಕೂಗ್ತಾ ಅದು?" ಕೆಳಗಿನಿಂದ ಅಜ್ಜಿಯ ದನಿ.

ಅವಳು ಗೋಡೆಯಿಂದ ಬಗ್ಗಿದಳು. "ಕೂಗಿಸಿದ್ದು ನಾನು, ಅಜ್ಜಿ. ತಪ್ಪು ನನ್ನದು. ಅವರು ಎಲ್ಲಿಗೂ ಹೋಗಲ್ಲ."

ನಂತರ ಕೆಳಗಿಂದ ತನ್ನ ಆಸ್ಪತ್ರೆಯ ಚೀಲ ತಂದು, ಗಾಯಕ್ಕೆ ಸುತ್ತುವ ಬಿಳಿ ಟೇಪ್ ತೆಗೆದಳು. ಅವನು ತಂತಿ ಹಿಡಿದ, ಅವಳು ಒಂದೊಂದೇ ಗಂಟಿಗೆ ಸುತ್ತಿದಳು. ಬೆರಳಿಗೆ ಬೆರಳು ತಾಗಿದಾಗ ಇಬ್ಬರೂ ಟ್ಯಾಂಕಿನ ಕಡೆ ನೋಡಿದರು.

"ಇನ್ನು ನೆಮ್ಮದಿಯಾಗಿ ಮಲಗಿ," ಅಂದ ಅವನು. "ಇನ್ನು ನೀವು ಮೇಲೆ ಬರೋ ಕೆಲಸವೂ ಇರಲ್ಲ." ಕೊನೆಯ ಮಾತಿಗೆ ಅವನ ದನಿ ಇಳಿಯಿತು.

ಅವಳು ಟೇಪ್ ಚೀಲಕ್ಕೆ ಹಾಕಿದಳು. "ಒಂದು ಜೊತೆ ಗಂಟಿಗೆ ಸುತ್ತಿಲ್ಲ."

"ಅಯ್ಯೋ, ಮರೆತ್ರಾ? ಕೊಡಿ, ನಾನು ಸುತ್ತುತ್ತೀನಿ."

"ಬೇಡ."

"ಒದ್ದೆ ಬಟ್ಟೆ ತಾಗಿದ್ರೆ ಮತ್ತೆ ಕೂಗುತ್ತೆ, ಮೇಡಂ."

"ಕೂಗಲಿ ಅಂತಲೇ ಬಿಟ್ಟಿದ್ದು. ನಿಮ್ಮನ್ನ ಕರೀಬೇಕು ಅನ್ನಿಸಿದಾಗ ನಾನು ಇನ್ನೇನು ಮಾಡಲಿ? ಅಷ್ಟೂ ಗೊತ್ತಾಗಲ್ವಾ ನಿಮಗೆ?"

ಅವನು ಆ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಹಾಗಾದ್ರೆ ನಾಳೆ," ಎಂದ ಮೆಲ್ಲಗೆ, "ಕೋಟು ಸ್ವಲ್ಪ ಬೇಗನೆ ಒಗೀರಿ."