ಸ್ಫೂರ್ತಿ ಅಕ್ಕನ ನೀಲಿ ಫೈಲು

ಬಿಂದುಶ್ರೀ ಫೈಲಿನ ದಾರ ಬಿಚ್ಚಿಯೇಬಿಟ್ಟಳು.

ಹೊರಗೆ ವರಾಂಡದಲ್ಲಿ ಸ್ಫೂರ್ತಿ ಅಕ್ಕನ ದನಿ ಕೇಳುತ್ತಿತ್ತು. "ಟೈಲ್ಸ್ ಗೆರೆ ಮ್ಯಾಲೇ ನಡೀರಿ ತಾತ. ಹಿಮ್ಮಡಿಗೆ ಬೆರಳು ತಾಗಬೇಕ್ ನೋಡ್ರಿ."

"ಇದೇನ್ ತಾಯಿ, ಕುಡ್ದೋರ್ನ ಪೊಲೀಸ್ನೋರು ನಡ್ಸ್ದಂಗೆ ನಡುಸ್ತೀಯಾ!" ತಾತ ರಾಮಾಂಜಿನಪ್ಪ ಜೋರಾಗಿ ನಕ್ಕರು.

ಬಿಂದುಶ್ರೀಗೆ ನಗು ಬರಲಿಲ್ಲ. ತಾತ ಒಂದು ತೊಟ್ಟೂ ಕುಡಿದವರಲ್ಲ. ಆದರೂ ಎರಡು ವರ್ಷದಿಂದ ಓಲಾಡಿಕೊಂಡೇ ನಡೆಯುತ್ತಾರೆ. ಹೆಬ್ಬಗೋಡಿ ಬಸ್‌ಸ್ಟಾಪಿನ ಹುಡುಗರು "ತಾತ ಬೆಳಿಗ್ಗೇನೇ ಟೈಟು ಮಗಾ" ಎಂದು ಆಡಿಕೊಳ್ಳುತ್ತಾರೆ.

ಸ್ಫೂರ್ತಿ ಅಕ್ಕ ಮಹಡಿ ಮೇಲಿನ ಬಾಡಿಗೆಯವಳು. ಯಾವುದೋ ಲ್ಯಾಬಿನಲ್ಲಿ ಕೆಲಸ. ಅವಳಿಗೇಕೆ ಪ್ರತಿ ಭಾನುವಾರ ತಾತನ ವಿಡಿಯೊ? ಕ್ಲಾಸಿನ ಚಿರಂಜೀವಿಯಂತೂ ಕಣ್ಣರಳಿಸಿ ಹೇಳಿದ್ದ: "ರೀಲ್ಸ್ ಹಾಕ್ತಾರೆ ಕಣೇ! ಇಲ್ಲಾಂದ್ರೆ ರಕ್ತ ತೆಗ್ದು ಮಾರ್ತಾರೆ."

ಇವತ್ತು ರಕ್ತ ತೆಗೆಯಲು ನರ್ಸ್ ಕೂಡ ಬರುತ್ತಾರಂತೆ.

ಫೈಲಿನೊಳಗೆ ಒಂದು ಚಿತ್ರವಿತ್ತು. ವಂಶವೃಕ್ಷದ ಹಾಗೆ ಚೌಕ, ಸೊನ್ನೆ, ನಡುವೆ ಗೆರೆಗಳು. ಹೆಸರಿಲ್ಲ, ಬರೀ ವಯಸ್ಸು. ಅರವತ್ತೇಳು ಎಂದು ಬರೆದ ಚೌಕಕ್ಕೆ ಕಪ್ಪು ಬಳಿದಿತ್ತು. ಅದು ತಾತ. ಪಕ್ಕದ ಕಪ್ಪು ಚೌಕದ ಮೇಲೆ ಓರೆಯಾಗಿ ಗೆರೆ ಎಳೆದಿತ್ತು. ಐವತ್ತೆರಡು. ಹೀಗೇ ಓಲಾಡುತ್ತಿದ್ದು ತೀರಿಕೊಂಡ ಶ್ಯಾಮಣ್ಣ ಚಿಕ್ಕತಾತ! ಕೆಳಗಿನ ನಲವತ್ತೊಂದು ಅಪ್ಪನದು, ಅದರೊಳಗೆ ಪ್ರಶ್ನೆ ಚಿಹ್ನೆ. ಎಲ್ಲಕ್ಕಿಂತ ಕೆಳಗೆ ಪುಟ್ಟ ಸೊನ್ನೆ. ಹತ್ತು.

ನಾನು!

ಅದು ಖಾಲಿ ಇತ್ತು. ಮುಂದೆ ಕಪ್ಪು ತುಂಬುವುದಕ್ಕೋ?

"ನೋಡಿದ್ಯಾ?" ಬಾಗಿಲಲ್ಲಿ ಸ್ಫೂರ್ತಿ ಅಕ್ಕ ನಿಂತಿದ್ದಳು.

ಬಿಂದುಶ್ರೀ ಫೈಲು ಬಿಡಲಿಲ್ಲ. "ನಮ್ಮನೆಯೋರಿಗೆ ಯಾಕೆ ಕಪ್ಪು ಬಳ್ದಿದೀರಾ?"

ಸ್ಫೂರ್ತಿ ಅಕ್ಕ ಬೈಯಲಿಲ್ಲ. ನೆಲದ ಮೇಲೆ ಕೂತಳು. "ಇದು ವಂಶದಾಗ ಬರೋ ಓಲಾಡೋ ಕಾಯಿಲೆ. ಬಂದೋರಿಗೆ ಕಪ್ಪು. ತೀರಿಹೋದೋರಿಗೆ ಗೆರೆ. ನಿಮ್ಮ ತಾತನ ಮೆದುಳೊಳಗೆ ಒಂದು ಪ್ರೋಟೀನ್ ಸಿಕ್ಕಾಗ್ತೈತಿ. ಜೇಬಲ್ಲಿಟ್ಟ ಇಯರ್‌ಫೋನ್ ಇರ್ತದಲ್ಲ, ಹಂಗ."

"ಯಾಕೆ ಸಿಕ್ಕಾಗತ್ತೆ?"

"ಪೂರ್ತಿ ಗೊತ್ತಿಲ್ಲ. ಆರು ವರ್ಷದಿಂದ ಅದನ್ನೇ ಹುಡುಕ್ತಿದೀನಿ."

"ಬ್ಲಡ್ ಕೊಟ್ರೆ ತಾತ ಹುಷಾರಾಗ್ತಾರಾ?"

"ಇಲ್ಲ. ಔಷಧಿ ಇನ್ನೂ ಇಲ್ಲ."

"ಮತ್ತೆ ನಿಮಗೇನು ಸಿಗತ್ತೆ?"

"ಗೊತ್ತಾಗಿದ್ದನ್ನ ವಿಜ್ಞಾನದ ಪತ್ರಿಕೆಗೆ ಬರೀತೀವಿ. ಅದರಾಗ ನನ್ನ ಹೆಸರು ಬರ್ತೈತಿ."

"ತಾತನ ಹೆಸರು?"

"ಬರಂಗಿಲ್ಲ."

ನೋಡಿದಿರಾ! ಬಿಂದುಶ್ರೀಯ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಔಷಧಿಯಿಲ್ಲ, ಹೆಸರೂ ಇಲ್ಲ, ರಕ್ತ ಮಾತ್ರ ಬೇಕು.

ಅಷ್ಟರಲ್ಲಿ ನರ್ಸ್ ಬಂದರು, ಹಿಂದೆಯೇ ತಾತ, ಅಪ್ಪ. ತಟ್ಟೆಯಲ್ಲಿ ಮುಚ್ಚಳವಿದ್ದ ಮೂರು ಪುಟ್ಟ ಟ್ಯೂಬು ಜೋಡಿಸಿದರು. ತಾತನಿಗೊಂದು, ಅಪ್ಪನಿಗೊಂದು. ಮೂರನೆಯದು?

ಬಿಂದುಶ್ರೀ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು.

ಸ್ಫೂರ್ತಿ ಅಕ್ಕ ಒಪ್ಪಿಗೆ ಕಾಗದವನ್ನು ಒಂದೊಂದೇ ಸಾಲು ಓದಿ ಹೇಳಿದಳು. "ಬ್ಯಾಡ ಅನಿಸಿದ್ರ ಈಗಲೂ ಬ್ಯಾಡ ಅನ್ರಿ ತಾತ."

"ನಂದಂತೂ ಆಯ್ತು. ಮುಂದಿನೋರ್ಗಾದ್ರೂ ಉಪಯೋಗ ಆಗ್ಲಿ, ತಕ್ಕೊ ತಾಯಿ," ಎಂದರು ತಾತ. ಸಹಿ ಮಾಡುವಾಗ ಪೆನ್ನು ಕಾಗದದ ಅಂಚಿನವರೆಗೂ ಜಾರಿತು. ಅಪ್ಪ ಮುನಿಕೃಷ್ಣ ಓದದೆಯೇ ಸಹಿ ಹಾಕಿ ತೋಳು ಚಾಚಿದರು.

ಎರಡು ಟ್ಯೂಬು ತುಂಬಿದವು. ಅಪ್ಪ ಹತ್ತಿಯನ್ನು ತೋಳಿಗೆ ಒತ್ತಿಕೊಂಡೇ ತಟ್ಟೆಯತ್ತ ನೋಡಿದರು.

"ಮೇಡಂ, ಒಂದು ಖಾಲಿ ಇದೆಯಲ್ಲ. ಇವಳದ್ದೂ ತಗೊಂಡ್ಬಿಡಿ."

"ಒಡೆದ್ರೆ ಇರಲಿ ಅಂತ ತಂದಿರೋದು," ಎಂದರು ನರ್ಸ್.

"ಪರ್ವಾಗಿಲ್ಲ. ಬಾರಮ್ಮ ಬಿಂದು." ಅಪ್ಪ ಅವಳ ಕೈಯನ್ನು ಮುಂದಕ್ಕೆಳೆದು, ಫ್ರಾಕಿನ ತೋಳು ಮಡಚಿದರು. "ಇವಳಿಗೂ ಬರತ್ತೋ ಇಲ್ವೋ, ಈಗ್ಲೇ ಹೇಳ್ಬಿಡಿ."

"ಅದನ್ನ ಮಾಡಂಗಿಲ್ಲ ಸಾರ್. ಬಂದ್ರೂ ಅದು ದೊಡ್ಡೋರಾದ ಮ್ಯಾಲೆ ಬರೋದು. ತಿಳ್ಕೋಬೇಕೋ ಬ್ಯಾಡೋ, ಹದಿನೆಂಟಾದ ಮ್ಯಾಲೆ ಅವಳೇ ಹೇಳ್ಲಿ," ಎಂದಳು ಸ್ಫೂರ್ತಿ ಅಕ್ಕ.

"ನಾನು ಸೈನ್ ಹಾಕ್ತೀನಿ ಕಣ್ರೀ! ದಿನಾ ಇವಳು ಎಡವಿದ್ರೆ ಸಾಕು, ನಂಗೆ ಎದೆ ಧಸಕ್ ಅನ್ನತ್ತೆ."

ಬಿಂದುಶ್ರೀ ಅಪ್ಪನ ಮುಖ ನೋಡಿದಳು. ಹಾವು ಬಂದರೂ ಹೆದರದ ಅಪ್ಪ ಇದಕ್ಕೆ ಹೆದರಿದ್ದರು. ಹಿಡಿತ ಬಿಗಿಯಾಗಿತ್ತು, ನೋಯುವಷ್ಟು. ಅದನ್ನು ಬಿಡಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಇನ್ನೊಂದು ಕೈಯಿಂದ ಮಾತ್ರ ಸ್ಫೂರ್ತಿ ಅಕ್ಕನ ದುಪಟ್ಟಾದ ತುದಿ ಹಿಡಿದುಕೊಂಡಳು. ಯಾವಾಗ ಹಿಡಿದಳೋ ಅವಳಿಗೇ ಗೊತ್ತಾಗಲಿಲ್ಲ.

"ಅವಳಪ್ಪ ನಾನು. ನಾನೇ ಕೊಡ್ತಿದೀನಲ್ಲ, ತಗೊಳ್ಳಿ ಮೇಡಂ," ಎಂದರು ಅಪ್ಪ.

ಸ್ಫೂರ್ತಿ ಅಕ್ಕ ಬಗ್ಗಿ, ಮಡಚಿದ್ದ ಫ್ರಾಕಿನ ತೋಳನ್ನು ಮೊಣಕೈವರೆಗೆ ಇಳಿಸಿದಳು.

"ಇಲ್ಲ ಸಾರ್. ತಗೊಳ್ಳಂಗಿಲ್ಲ."