ಹಾಸುರಕ್ಕಸ ಕಾಣೆಯಾದದ್ದು

"ನಾ ಕೊಂದಿಲ್ರಿ ಮೇಡಂ. ದೇವರಾಣಿ, ನಾ ಅದನ್ನ ಮುಟ್ಟೂ ಇಲ್ಲ."

ಬಾಗಿಲಲ್ಲಿ ನಿಂತವನ ಕೈಯಲ್ಲಿ ಹೆಲ್ಮೆಟ್ಟಿತ್ತು, ಬೆನ್ನ ಮೇಲೆ ಊಟ ತಲುಪಿಸುವವರ ದೊಡ್ಡ ಚೀಲವಿತ್ತು. ದಿವ್ಯ ಪೆನ್ನು ಕೆಳಗಿಟ್ಟಳು. ವಿಜಯನಗರದ ಬೇಕರಿಯೊಂದರ ಮೇಲಿದ್ದ ಶಶಿಕಲಾ ಮೇಡಂ ಅವರ ಪತ್ತೇದಾರಿ ಕಚೇರಿಗೆ ಬರುವವರೆಲ್ಲ ಹೆಣ್ಣು ಗಂಡು ನೋಡುವ ಹೆತ್ತವರು. ಹುಡುಗ ಕುಡಿಯುತ್ತಾನಾ, ಹೇಳಿದ ಕೆಲಸ ನಿಜವಾಗಿಯೂ ಇದೆಯಾ ಎಂದು ವಿಚಾರಿಸಿಕೊಡುವುದೇ ಅಲ್ಲಿಯ ಕಸುಬು. ಕೊಲೆಯ ಮಾತು ಆ ಕಚೇರಿಯಲ್ಲಿ ಕೇಳಿದ್ದು ಅದೇ ಮೊದಲು. ಮೇಡಂಗೆ ಸಹಾಯಕಿಯಾಗಿದ್ದ ದಿವ್ಯಳ ಎದೆ ಡವಡವ ಎಂದಿತು. ಸುಳ್ಳೇಕೆ, ಒಂದಿಷ್ಟು ಖುಷಿಯೂ ಆಯಿತು.

"ಕೂತ್ಕೊಳಪ್ಪ," ಎಂದರು ಶಶಿಕಲಾ. "ಯಾರನ್ನ ಕೊಂದಿಲ್ಲ?"

"ರಾಕ್ಷಸನ್ನ ರೀ."

ದಿವ್ಯ, ಮೇಡಂ ಮುಖ ನೋಡಿದಳು. ಅವರ ಮುಖದಲ್ಲಿ ಏನೂ ಸಿಗಲಿಲ್ಲ. ಎಂದೂ ಸಿಗುತ್ತಿರಲಿಲ್ಲ ಎನ್ನಿ.

ಹುಡುಗನ ಹೆಸರು ಫಕೀರೇಶ, ಊರು ಲಕ್ಷ್ಮೇಶ್ವರದ ಕಡೆ. ಹೊಸಹಳ್ಳಿಯ ಸಂಪತ್ ಎಂಬವನ ಮನೆಗೆ ಒಮ್ಮೆ ಬಿರಿಯಾನಿ ಕೊಡಲು ಹೋದವನು, ಮಹಡಿಯ ಕೋಣೆಯಲ್ಲಿ ನಡೆಯುತ್ತಿದ್ದ ಆಟ ನೋಡುತ್ತ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಒಳಗೆ ಬಾ ಎಂದರು, ಹೋದ. ಅಂದಿನಿಂದ ಪ್ರತಿ ಭಾನುವಾರವೂ ಹೋಗುತ್ತಿದ್ದ. ಸಂಪತ್ ಕತೆ ನಡೆಸುತ್ತಾನೆ, ಉಳಿದ ಮೂವರು ಕತೆಯೊಳಗಿನ ವೀರರಾಗುತ್ತಾರೆ. ತನ್ನ ವೀರ ಏನು ಮಾಡುತ್ತಾನೆಂದು ಬಾಯಲ್ಲಿ ಹೇಳಿ ದಾಳ ಉರುಳಿಸಬೇಕು. ದಾಳ ಒಲಿದರೆ ರಾಕ್ಷಸ ಸಾಯುತ್ತಾನೆ, ಮುನಿದರೆ ವೀರ ಸಾಯುತ್ತಾನೆ. ಫಕೀರೇಶನ ವೀರನ ಹೆಸರು ಉಗ್ರಪ್ಪ.

"ಕಬ್ಬಿಣ ತಿನ್ನೋ ಹುಳ ಬಂದ್ರ ಕತ್ತಿ ಹೋಗ್ತೈತಿ, ಹೋಗ್ಲಿ ಬಿಡ್ರಿ. ಕಡದಷ್ಟೂ ಮತ್ತ ಕೂಡ್ಕೊಳ್ಳೋ ದೈತ್ಯಗ ಬೆಂಕಿ ಹಚ್ಚಿದ್ರ ಮುಗೀತು," ಎಂದು ಫಕೀರೇಶ ವಿವರಿಸಿದ. "ಈ ಹಾಸುರಕ್ಕಸ ಅಂತಾದ್ದಲ್ರಿ. ನೆಲದ ಮ್ಯಾಲೆ ಹೊಲಸ ಅರಿವಿ ಬಟ್ಟಿ ಬಿದ್ದಂಗ ಬಿದ್ದಿರ್ತೈತಿ. ಕಾಲಿಟ್ರ ಮೈಗೆ ಸುತ್ಕೊಂಡು ಉಸಿರು ಕಟ್ಟಸ್ತೈತಿ. ಹೊರಗಿನವ್ರು ಅದನ್ನ ಹೊಡದ್ರ ಅರ್ಧ ಪೆಟ್ಟು ಒಳಗ ಸಿಕ್ಕ ನಮ್ಮವಗ ಬೀಳ್ತೈತಿ."

"ಹಾಗಾದ್ರೆ ಅದನ್ನ ಸಾಯ್ಸೋದು ಹೆಂಗೆ?" ಎಂದಳು ದಿವ್ಯ, ತಡೆಯಲಾರದೆ.

"ಅದ ನಮಗೂ ತಿಳೀವಲ್ದ್ರಿ ಅಕ್ಕಾರ."

ಆ ಹಾಸುರಕ್ಕಸನ ಬೊಂಬೆಯನ್ನು ಗುಂಪಿನ ಕೀರ್ತನಾ ಕೈಯಾರೆ ಮಾಡಿದ್ದಳು. ಕಳೆದ ಭಾನುವಾರ ಆಟ ನಡುವೆ ನಿಂತಾಗ ಅದು ಮೇಜಿನ ಮೇಲಿತ್ತು. ವಾರದ ನಡುವೆ ಸಂಪತ್ ಬೀಗ ತೆಗೆದು ನೋಡಿದರೆ ಇರಲಿಲ್ಲ. ಬೀಗ ಮುರಿದಿರಲಿಲ್ಲ. ಕೀ ಇದ್ದದ್ದು ಸಂಪತ್ ಬಳಿ ಒಂದು, ಫಕೀರೇಶನ ಬಳಿ ಒಂದು. ಮಧ್ಯಾಹ್ನ ಆರ್ಡರ್ ಇಲ್ಲದಾಗ ಬಿಸಿಲಲ್ಲಿ ಎಲ್ಲಿ ಕೂರುತ್ತೀಯ, ಇಲ್ಲೇ ಬಂದು ಮಲಗು ಎಂದು ಸಂಪತ್‌ನೇ ಅದನ್ನು ಕೊಟ್ಟಿದ್ದ.

"ನಾಳೆ ಎಲ್ಲಾರೂ ಕೂತು ನನ್ನ ಕಡೆಯಿಂದ ಕೀಲಿ ಇಸ್ಕೋತಾರಂತ. ಆಟಾನೂ ಬಿಡಸ್ತಾರ," ಎಂದು ಫಕೀರೇಶ ಹೆಲ್ಮೆಟ್ಟಿನ ಪಟ್ಟಿ ತಿರುವುತ್ತ ಕೂತ. "ಈ ಊರಾಗ ನನ್ನ ಹೆಸರ ಹಿಡದು ಕರಿಯೋರು ಅವರಷ್ಟ ಅದಾರ್ರಿ. ಉಳದವ್ರೆಲ್ಲ ಓಟಿಪಿ ಹೇಳಿ ಬಾಗಲಾ ಹಾಕ್ಕೋತಾರ."

ಶಶಿಕಲಾ ಕನ್ನಡಕ ತೆಗೆದು ಒರೆಸಿಕೊಂಡರು. "ನಾಳೆ ನಾವೂ ಬರ್ತೀವಿ," ಎಂದರು.

ಮರುದಿನ ಮೆಟ್ರೊ ಇಳಿದು ನಡೆಯುವಾಗ ದಿವ್ಯ ತಲೆ ಕೆಡಿಸಿಕೊಂಡಿದ್ದಳು. ಬದುಕೇ ಇರದ ರಾಕ್ಷಸ, ಅದರ ಕಳವು, ಅದಕ್ಕೊಬ್ಬ ಆರೋಪಿ. ಇದನ್ನು ಕಳವು ಎನ್ನಬೇಕೋ ಕೊಲೆ ಎನ್ನಬೇಕೋ ಎಂದು ಕೇಳಿದ್ದಕ್ಕೆ ಮೇಡಂ, "ಮೊದ್ಲು ಕೋಣೆ ನೋಡೋಣ ಕಣೇ," ಎಂದಷ್ಟೇ ಹೇಳಿದರು.

ಹೊರಗಿನ ಮೆಟ್ಟಿಲು ಹತ್ತಿದರೆ ಕೋಣೆ. ದೊಡ್ಡ ಮೇಜು, ಅದರ ಮೇಲೆ ಸೀಸದಕಡ್ಡಿಯಲ್ಲಿ ಬರೆದ ಗುಹೆಯ ನಕ್ಷೆ, ಬೆರಳುದ್ದದ ವೀರರು. ನಕ್ಷೆಯ ನಡುವಿನ ಒಂದು ಅಂಕಣ ಖಾಲಿ. ಪಕ್ಕದ ಸ್ಟೂಲಿನ ಮೇಲೆ ನಿಪ್ಪಟ್ಟಿನ ತಟ್ಟೆ, ಅದರ ಮೇಲೆ ಮಡಿಸಿ ಹೊದಿಸಿದ, ಅಂಚಿಗೆ ಕೆಂಪು ದಾರದ ಹೊಲಿಗೆ ಹಾಕಿದ ಬಿಳಿ ಬಟ್ಟೆ. ನೆಲ ಕನ್ನಡಿಯಂತಿತ್ತು. ಗಂಡುಹುಡುಗರ ಕೋಣೆ ಇಷ್ಟು ಚೊಕ್ಕಟವಾಗಿರುವುದನ್ನು ದಿವ್ಯ ಕಂಡಿರಲಿಲ್ಲ. ಅವಳ ತಮ್ಮನ ಕೋಣೆಗೆ ಕಾಲಿಡಲು ಚಪ್ಪಲಿ ಬೇಕು.

ಸಂಪತ್ ಮುಜುಗರದಿಂದ ಕುರ್ಚಿ ಎಳೆದುಕೊಟ್ಟ. "ಇದು ಅಂಥ ದೊಡ್ಡ ಕೇಸೇನಲ್ಲ ಮೇಡಂ. ನಮ್ಮನಮ್ಮಲ್ಲೇ ಬಗೆಹರಿಸ್ಕೋತೀವಿ."

"ಬಗೆಹರ್ಸೋಕೆ ಏನಿದೆ ಗುರು," ಎಂದ ಅಭಿನವ್, ಗುಂಪಿನ ನಾಲ್ಕನೆಯವನು. "ಹೋದ ವಾರ ಉಗ್ರಪ್ಪ ಮತ್ತೆ ಸತ್ತ. ಇವನು ಎದ್ದು ನಿಂತು, ಮೇಜಿನ ಕಡೆ ಬೆರಳು ತೋರ್ಸಿ, ಇದನ್ನ ಒಗೀಬೇಕು ಅಂದ. ಎಲ್ರೂ ಕೇಳಿಸ್ಕೊಂಡಿದೀವಿ. ಹೇಳ್ದಂಗೇ ಒಗ್ದಿದಾನೆ, ಚೂರುಚೂರು ಮಾಡಿ ಎಲ್ಲೋ ಬಿಸಾಕಿದಾನೆ."

"ಅಂದೀನ್ರಿ. ಇಲ್ಲ ಅನ್ನಂಗಿಲ್ಲ. ಸಿಟ್ಟು ಬಂದಿತ್ತು," ಎಂದ ಫಕೀರೇಶ. ಅವನು ಕೀಲಿಯನ್ನು ಆಗಲೇ ಮೇಜಿನ ತುದಿಯಲ್ಲಿ ಇಟ್ಟಿದ್ದ.

"ಆ ಹೊತ್ತಲ್ಲಿ ಇಲ್ಲಿ ಯಾರ್ಯಾರಿದ್ರಿ?" ಎಂದರು ಶಶಿಕಲಾ.

"ನಾವು ನಾಲ್ಕು ಜನ. ಅಮ್ಮ ಕಾಫಿ ಇಟ್ಟು ಹೋದ್ರು, ಅಷ್ಟೇ," ಎಂದ ಸಂಪತ್.

ಬೊಂಬೆ ಹೇಗಿತ್ತೆಂದು ಕೇಳಿದಾಗ ಕೀರ್ತನಾ ಕೈಯಲ್ಲೇ ಅಳತೆ ತೋರಿಸಿದಳು. "ಕರ್ಚೀಫಿನಷ್ಟು ಅಗಲ ಮೇಡಂ. ಹಳೇ ಪಂಚೆಯ ತುಂಡು. ವರ್ಷಾನುಗಟ್ಟಲೆ ಕೊಳೆ ಕೂತಂಗೆ ಕಾಣ್ಬೇಕು ಅಂತ ಪೋಸ್ಟರ್ ಕಲರ್ ಹಚ್ಚಿದ್ದೆ. ಅಂಚಿಗೆ ಹಲ್ಲು ಮಾಡಿದ್ದೆ, ಮಡಿಸಿಟ್ರೆ ಕಾಣಲ್ಲ. ನೋಡಿದೋರು ಮಸಿಬಟ್ಟೆ ಅಂದ್ಕೋಬೇಕು, ಅದೇ ಅದರ ಮೋಸ."

ಅಷ್ಟರಲ್ಲಿ ಸಂಪತ್‌ನ ತಾಯಿ ಯಶೋದಮ್ಮ ಕಾಫಿ ಲೋಟಗಳೊಂದಿಗೆ ಮೇಲೆ ಬಂದರು. ನೀವೇನಾದರೂ ಕಂಡಿರಾ ಎಂದು ಶಶಿಕಲಾ ಕೇಳಿದರು.

"ಇವ್ನು ಕೇಳಿದಾಗ್ಲೇ ಹೇಳಿದೀನಮ್ಮ, ಯಾವ ರಾಕ್ಷಸಾನೂ ನಾನು ಕಂಡಿಲ್ಲ. ಕೊಂಬು ಗಿಂಬು ಇರೋದು ಇದ್ದಿದ್ರೆ ಕಾಣ್ತಿರ್ಲಿಲ್ವಾ. ನಿಪ್ಪಟ್ಟು ತಗೊಳ್ಳಿ, ಮೆತ್ತಗಾಗುತ್ತೆ," ಎಂದು ಅವರು ಇಳಿದು ಹೋದರು.

ಶಶಿಕಲಾ ನಿಪ್ಪಟ್ಟು ಮುರಿದು ಬಾಯಿಗೆ ಹಾಕಿಕೊಂಡರು. ಆಮೇಲೆ ಕೇಳಿದ ಪ್ರಶ್ನೆಗೆ ದಿವ್ಯಳಿಗೆ ನಾಚಿಕೆಯೇ ಆಯಿತು. "ಈ ಕೋಣೆ ಕಸ ಗುಡಿಸೋರು ಯಾರಪ್ಪ?"

ಸಂಪತ್ ಅಭಿನವ್‌ನನ್ನು ನೋಡಿದ, ಅಭಿನವ್ ಸಂಪತ್‌ನನ್ನು ನೋಡಿದ. "ಇಲ್ಲಿ ಕಸ ಆಗಲ್ಲ ಮೇಡಂ," ಎಂದ ಅಭಿನವ್.

ದಿವ್ಯ ಮನಸ್ಸಿನಲ್ಲೇ ತೀರ್ಪು ಕೊಟ್ಟಾಗಿತ್ತು: ಅಭಿನವ್‌ನೇ ಕಳ್ಳ, ಫಕೀರೇಶನ ಮೇಲೆ ಹೊಟ್ಟೆಕಿಚ್ಚು. ಅವಳು ಅದನ್ನು ಮೇಡಂ ಕಿವಿಯಲ್ಲಿ ಉಸುರಿದಳು. ಮೇಡಂ ಅಲ್ಲವೆಂದು ತಲೆಯಾಡಿಸಿ, ಯಶೋದಮ್ಮನವರನ್ನು ಮತ್ತೆ ಕರೆಸಿ, ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

"ಬೀಗ ಮುರಿದಿಲ್ಲ, ಆದ್ದರಿಂದ ಕೀ ಇದ್ದವರ ಕೆಲಸ. ಇಷ್ಟರವರೆಗೆ ನಿಮ್ಮ ಲೆಕ್ಕ ಸರಿ," ಎಂದು ಶುರುಮಾಡಿದರು. "ಆದ್ರೆ ಕೀ ಇಬ್ಬರ ಹತ್ರ ಮಾತ್ರ ಅಂದ್ಕೊಂಡ್ರಲ್ಲ, ಅಲ್ಲಿ ತಪ್ಪಿತು. ನೀವ್ಯಾರೂ ಪೊರಕೆ ಮುಟ್ಟಲ್ಲ, ನೆಲ ಫಳಫಳ ಅಂತಿದೆ. ಯಾರೋ ಬಂದು ಹೋಗ್ತಾರೆ. ಯಶೋದಮ್ಮ, ನಿಮ್ಮ ಹತ್ರಾನೂ ಕೀ ಇದೆ ಅಲ್ವಾ?"

"ನನ್ನ ಮನೆ ಕೋಣೆಗೆ ನನ್ನ ಹತ್ರ ಕೀ ಇರಲ್ವಾ?" ಎಂದರು ಯಶೋದಮ್ಮ, ಏನೂ ಅರ್ಥವಾಗದೆ.

"ಇನ್ನು ಫಕೀರೇಶ ಆಡಿದ ಮಾತು. ಅಭಿನವ್, ನೀನು ಬೆಂಗಳೂರು ಹುಡುಗ. ಒಗೀತೀನಿ ಅಂದ್ರೆ ನಿನಗೆ ಹೊಡಿಯೋದು, ಬಡಿಯೋದು. ಫಕೀರೇಶ, ನೀನು ಯಾವ ಅರ್ಥದಲ್ಲಿ ಅಂದೆ?"

"ಎಸಿಯೂದ್ರಿ. ಈ ರಾಕ್ಷಸನ್ನ ಆಟದಿಂದ ತಗದು ಒಗೀರಿ, ಬ್ಯಾರೆ ತರ್ರಿ ಅಂತ."

"ಹೌದು. ಧಾರವಾಡದಲ್ಲಿ ಒಬ್ಬರು ಯಜಮಾನರು ನನಗೆ, ಆ ವರನ ಫೋಟೊ ಒಗದ ಬಿಡ್ರಿ ಅಂದಿದ್ರು. ಫೋಟೊ ಯಾಕೆ ಒಗೀಬೇಕು ಅಂತ ಊರು ಬರೋವರೆಗೂ ಬಸ್ಸಲ್ಲಿ ಯೋಚ್ನೆ ಮಾಡಿದ್ದೆ. ಒಂದೇ ಮಾತು, ಒಬ್ಬರಿಗೆ ಎಸಿಯೋದು, ಇನ್ನೊಬ್ಬರಿಗೆ ಬಡಿಯೋದು. ಅದೇ ಹೊತ್ತಿಗೆ ಕಾಫಿ ಇಡೋಕೆ ಬಂದ ಮೂರನೆಯವರಿಗೆ ಅದು ಏನು ಕೇಳಿಸ್ತು? ಯಶೋದಮ್ಮ, ಈ ಹುಡುಗ ಮೇಜಿನ ಮೇಲಿನ ಕೊಳಕು ಬಟ್ಟೆ ತೋರ್ಸಿ, ಒಗೀಬೇಕು ಅಂದಾಗ ನೀವೇನ್ ಮಾಡಿದ್ರಿ?"

"ಒಗೆದೆ," ಎಂದರು ಯಶೋದಮ್ಮ. "ಹೊರಗಿನ ಹುಡುಗ ಬಾಯಿಬಿಟ್ಟು ಹೇಳೋ ಹಂಗಾಯ್ತಲ್ಲ ಅಂತ ನಾಚಿಕೆ ಆಯ್ತಮ್ಮ. ಮಾರನೇ ದಿನವೇ ಸೋಪಿನ ಪುಡೀಲಿ ನೆನೆಹಾಕಿ ಉಜ್ಜಿದೆ. ಎಷ್ಟು ಬಣ್ಣ ಬಿಡ್ತು ಅಂತೀರ."

ಶಶಿಕಲಾ ನಿಪ್ಪಟ್ಟಿನ ತಟ್ಟೆಯ ಬಟ್ಟೆಯನ್ನು ಎತ್ತಿ ಕೀರ್ತನಾಳ ಮುಂದೆ ಹರಡಿದರು. ಅಂಚಿನುದ್ದಕ್ಕೂ ಕೆಂಪು ದಾರದಲ್ಲಿ ಹೊಲಿದ ಚೂಪು ಚೂಪು ಹಲ್ಲುಗಳಿದ್ದವು. ಪೋಸ್ಟರ್ ಕಲರ್ ನೀರಿಗೆ ಹೋಗುತ್ತದೆ, ದಾರ ಹೋಗುವುದಿಲ್ಲ. ದಿವ್ಯ ಅದನ್ನು ಕೋಣೆಗೆ ಬಂದಾಗಲೇ ನೋಡಿ, ಚೆಂದದ ಕಸೂತಿ ಎಂದುಕೊಂಡಿದ್ದಳು.

"ಇದಾ ರಾಕ್ಷಸ?" ಯಶೋದಮ್ಮ ಮಗನತ್ತ ತಿರುಗಿದರು. "ರಾಕ್ಷಸ ನೋಡಿದ್ಯಾ ಅಂತ ನೀನು ಕೇಳಿದೆ, ನಾನು ಇಲ್ಲ ಅಂದೆ. ಬಟ್ಟೆ ನೋಡಿದ್ಯಾ ಅಂತ ಕೇಳಿದ್ರೆ ಆಗ್ಲೇ ಹೇಳ್ತಿರ್ಲಿಲ್ವೇನೋ. ಇದಕ್ಕೆ ಆ ಹುಡುಗನ್ನ ಕಳ್ಳ ಅಂದ್ರಾ?"

ಕೀರ್ತನಾ ಬಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಭಿನವ್ ನಕ್ಷೆಯಿಂದ ಕಣ್ಣೆತ್ತದೆ, "ಸಾರಿ ಮಗಾ," ಎಂದ. ಸಂಪತ್ ಕೀಲಿಯನ್ನು ಫಕೀರೇಶನ ಕಡೆಗೆ ಸರಿಸಿದ. ಫಕೀರೇಶ ಅದನ್ನು ತೆಗೆದುಕೊಳ್ಳದೆ ಎದ್ದು ನಿಂತು ಚೀಲ ಹೆಗಲಿಗೇರಿಸಿದ.

"ಸಾರಿ ಇರ್ಲಿ ಬಿಡೋ," ಎಂದ. "ಮೂರ್ನಾಕ ದಿನ ನನ್ನ ಬಗ್ಗೆ ನೀವ ನೀವ ಮಾತಾಡೀರಿ. ಫಕೀರಾ, ನೀ ತಗೊಂಡಿಯೇನು ಅಂತ ಒಬ್ರೂ ನನ್ನ ಕೇಳ್ಲಿಲ್ಲ. ಕೇಳಿದ್ರ ಇಲ್ಲ ಅಂತಿದ್ದೆ. ನನ್ನ ಬಾಯಿಂದ ಇಲ್ಲ ಅನ್ನಾಕ ನಾ ಪತ್ತೇದಾರರ ಆಫೀಸ ಹುಡುಕ್ಕೊಂಡು ಹೋಗಬೇಕಾತು."

ಉತ್ತರ ಗೊತ್ತಾದ ಮೇಲೂ ಕೇಳಬೇಕಾದ ಪ್ರಶ್ನೆ ಇರುತ್ತದೆಂದು ದಿವ್ಯಳಿಗೆ ಆವರೆಗೆ ಹೊಳೆದಿರಲಿಲ್ಲ. ಸಂಪತ್‌ಗೆ ಹೊಳೆಯಿತು. ಅವನು ಎದ್ದು ಬಂದು ಫಕೀರೇಶನ ಎದುರು ನಿಂತ.

"ಫಕೀರೇಶ," ಎಂದ, ಎಲ್ಲರಿಗೂ ಕೇಳಿಸುವಂತೆ. "ನೀನು ತಗೊಂಡ್ಯಾ?"

ಫಕೀರೇಶನ ಕಣ್ಣು ತುಂಬಿ ಬಂತು.

"ಇಲ್ಲೋ," ಎಂದ.

"ಸರಿ," ಎಂದ ಸಂಪತ್. "ನೀನು ಹೇಳಿದ್ಮೇಲೆ ಮುಗೀತು."

ಫಕೀರೇಶ ಚೀಲ ಇಳಿಸಿ, ಕುರ್ಚಿ ಎಳೆದುಕೊಂಡು ತನ್ನ ಜಾಗದಲ್ಲಿ ಕೂತ.